ಬಂಡೆಯಲ್ಲಿ ಸಿಲುಕಿದ ಡ್ರೋನ್: ಇಳಿಸುವ ಮುನ್ನ ಮಾಡಬೇಕಾದ ಲೆಕ್ಕ

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗವು ಸಮುದ್ರಮಟ್ಟದಿಂದ 4,000 ಅಡಿಗೂ ಮಿಕ್ಕಿ ಎತ್ತರವಿರುವ ಬೆಟ್ಟ. ಕೈಲಾಸಗಿರಿಯ ಗುಹಾಲಯಗಳನ್ನು ನೋಡಲು ಬರುವವರಿಗೆ ಅದು ಯಾತ್ರಾಸ್ಥಳ; ಮೇಲಿನಿಂದ ಚಿತ್ರ ತೆಗೆಯುವವರಿಗೆ ಸೊಗಸಾದ ಹಿನ್ನೆಲೆ. ಮದುವೆಯ ಛಾಯಾಗ್ರಾಹಕರು, ನಿವೇಶನ ಮಾರುವವರು, ಮಾವಿನ ತೋಪಿನ ಒಡೆಯರು, ಜಲ್ಲಿ ರಾಶಿಯ ಅಳತೆ ತೆಗೆಸುವ ಕ್ರಷರ್ ಮಾಲೀಕರು, ಹೊಸ ಷೆಡ್ಡನ್ನು ಆಕಾಶದಿಂದ ಚಿತ್ರೀಕರಿಸಿ ಗ್ರಾಹಕರಿಗೆ ತೋರಿಸಬಯಸುವ ಸಣ್ಣ ಉದ್ಯಮಿಗಳು, ಇವರೆಲ್ಲರಿಗೂ ಡ್ರೋನ್ ಈಗ ಆಟಿಕೆಯಲ್ಲ, ವ್ಯವಹಾರದ ಉಪಕರಣ. ಉಪಕರಣವೆಂದ ಮೇಲೆ ಕೆಡುವುದು ಸಹಜ. ಆದರೆ ಲೇತ್ ಯಂತ್ರ ಕೆಟ್ಟರೆ ಷೆಡ್ಡಿನಲ್ಲಿಯೇ ಇರುತ್ತದೆ. ಡ್ರೋನ್ ಕೆಟ್ಟರೆ ಕಣ್ಣಿಗೆ ಕಾಣುವ, ಕೈಗೆ ಎಟುಕದ ಬಂಡೆಯ ಅಂಚಿನಲ್ಲಿ ಹೋಗಿ ಕೂರುತ್ತದೆ.

ಹೀಗಾಗುವ ಬಗೆಯೇನೂ ನಿಗೂಢವಲ್ಲ. ಹಾರಿಸುವವನ ಮತ್ತು ಯಂತ್ರದ ನಡುವೆ ಬಂಡೆ ಅಡ್ಡಬಂದೊಡನೆ ರೇಡಿಯೋ ಸಂಪರ್ಕ ಕಡಿಯುತ್ತದೆ. ಆಗ ಡ್ರೋನ್ ತಾನಾಗಿಯೇ ಹೊರಟ ಸ್ಥಳಕ್ಕೆ ಮರಳುವ ವ್ಯವಸ್ಥೆಯಿದೆಯಾದರೂ, ಮರಳುವ ಎತ್ತರವನ್ನು ಮೊದಲೇ ಬೆಟ್ಟಕ್ಕಿಂತ ಮೇಲೆ ನಿಗದಿ ಮಾಡಿರದಿದ್ದರೆ ಅದು ನೇರವಾಗಿ ಕಲ್ಲಿಗೇ ಬಡಿಯಬಹುದು. ಬೆಟ್ಟದ ನೆತ್ತಿಯ ಗಾಳಿ ಬುಡದ ಗಾಳಿಯಂತಿರುವುದಿಲ್ಲ. ಎದುರುಗಾಳಿಯಲ್ಲಿ ಹಿಂದಿರುಗುವಷ್ಟು ಬ್ಯಾಟರಿ ಉಳಿಯದೆ ಇಳಿದ ಕಡೆಯೇ ಉಳಿಯುವುದೂ ಉಂಟು. ಆದಾಗ್ಯೂ ಅದು ಕೊನೆಯ ಬಾರಿ ಇದ್ದ ಸ್ಥಾನ ನಿಯಂತ್ರಕದಲ್ಲಿ ಅಥವಾ ಮೊಬೈಲಿನಲ್ಲಿ ದಾಖಲಾಗಿರುತ್ತದೆ. ಆದ್ದರಿಂದ ಬಹುತೇಕ ಪ್ರಸಂಗಗಳಲ್ಲಿ ಎಲ್ಲಿದೆ ಎಂಬುದು ಪ್ರಶ್ನೆಯಲ್ಲ. ತರುವುದು ಹೇಗೆ, ಅದಕ್ಕಿಂತ ಮೊದಲು, ತರಬೇಕೇ ಎಂಬುದೇ ಪ್ರಶ್ನೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಬಹುದು. ವರ್ತಕನೊಬ್ಬ ತೆರಿಗೆ ಹೊರತುಪಡಿಸಿ 80,000 ರೂ. ಕೊಟ್ಟು ಕೊಂಡಿದ್ದ ಡ್ರೋನ್ ಎರಡು ವರ್ಷಗಳ ನಂತರ ಅಂಬಾಜಿದುರ್ಗದ ಕಡಿದಾದ ಬಂಡೆಯೊಂದರಲ್ಲಿ ಸಿಲುಕಿತೆಂದಿಟ್ಟುಕೊಳ್ಳಲಿ. ಅವನ ಮನಸ್ಸಿನಲ್ಲಿ ಓಡುವ ಅಂಕಿ ಒಂದೇ: 80,000. ಇಲ್ಲಿಯೇ ಮೊದಲ ತಪ್ಪು. ಕೊಟ್ಟ ಬೆಲೆ ಕೊಟ್ಟಾಗಿದೆ; ಬೆಟ್ಟದ ಮೇಲಿರುವುದು ಇಂದಿನ ಬೆಲೆ ಮಾತ್ರ. ಸುಸ್ಥಿತಿಯಲ್ಲಿರುವ ಅದೇ ಮಾದರಿಯ ಹಳೆಯ ಯಂತ್ರ 35,000ಕ್ಕೆ ಮಾರಾಟವಾಗುವುದಾದರೆ, ಬಂಡೆಗೆ ಬಡಿದು ಒಂದು ರಾತ್ರಿ ಮಂಜಿನಲ್ಲಿ ನೆನೆದದ್ದಕ್ಕೆ ಅಷ್ಟೂ ಸಿಗಲಾರದು. ರೆಕ್ಕೆ ಮುರಿದು, ಕ್ಯಾಮೆರಾ ತೂಗುವ ಭಾಗ ಕಳಚಿದ್ದರೆ ಬಿಡಿಭಾಗಗಳ ಬೆಲೆಯಾಗಿ 8,000-10,000 ಬಂದರೆ ಹೆಚ್ಚು. ತರಬೇತಾದ ಆರೋಹಿಗಳಿಬ್ಬರನ್ನು ಹಗ್ಗ, ಸಲಕರಣೆ, ವಾಹನದೊಡನೆ ಬೆಂಗಳೂರಿನಿಂದ ಕರೆಸಲು 15,000 ಆಗುವುದಾದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಮಾತಿಗೆ ಇದಕ್ಕಿಂತ ಒಪ್ಪುವ ನಿದರ್ಶನ ದೊರೆಯದು.

ಮಾಲನ್ನು ಹಡಗಿನಲ್ಲಿ ಕಳುಹಿಸುವ ವರ್ತಕರಿಗೆ ಈ ತರ್ಕ ಹೊಸದಲ್ಲ. 1963ರ ಸಾಗರ ವಿಮಾ ಕಾಯ್ದೆಯ 60ನೆಯ ಕಲಮು, ವಸ್ತುವನ್ನು ಉಳಿಸಿಕೊಳ್ಳಲು ತಗಲುವ ವೆಚ್ಚ ಉಳಿಸಿಕೊಂಡ ಮೇಲಿನ ಅದರ ಬೆಲೆಯನ್ನು ಮೀರುವುದಾದರೆ, ವಸ್ತು ಕಣ್ಣೆದುರಿಗೇ ಇದ್ದರೂ ಅದನ್ನು ಕಾನೂನಿನ ದೃಷ್ಟಿಯಲ್ಲಿ ಪೂರ್ಣ ನಷ್ಟವೆಂದೇ ಪರಿಗಣಿಸಲು ಅವಕಾಶ ನೀಡುತ್ತದೆ. ಆ ಕಾಯ್ದೆ ಡ್ರೋನಿಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಸಮುದ್ರದ ಮೇಲೆ ವ್ಯಾಪಾರ ಮಾಡಿದವರು ತಲೆಮಾರುಗಳ ಅನುಭವದಿಂದ ಕಂಡುಕೊಂಡ ವಿವೇಕ ಬೆಟ್ಟದ ಮೇಲೆ ಸುಳ್ಳಾಗಬೇಕಿಲ್ಲ.

ಹಾಗಿದ್ದರೂ ವರ್ತಕ ಬಿಡಲೊಲ್ಲ. ಅದಕ್ಕೆ ಅವನು ಕೊಡುವ ಕಾರಣಗಳಲ್ಲಿ ತೆರಿಗೆಯೂ ಒಂದು. ಕಳೆದುಹೋಯಿತೆಂದು ಪುಸ್ತಕದಲ್ಲಿ ಬರೆದರೆ ಇನ್‌ಪುಟ್ ತೆರಿಗೆ ಜಮೆ ವಾಪಸು ಕಟ್ಟಬೇಕಲ್ಲ ಎಂಬ ಅಳುಕು ಅದು. ಅಳುಕು ನಿರಾಧಾರವಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)ನೆಯ ಕಲಮಿನಂತೆ ಕಳೆದುಹೋದ, ಕಳವಾದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲಿನ ಜಮೆ ದೊರೆಯುವುದಿಲ್ಲ. ಆದರೆ ಮೊತ್ತವೆಷ್ಟು? ಕ್ಯಾಮೆರಾ ಅಳವಡಿಸಿದ ಡ್ರೋನಿಗೆ ಶೇ. 18 ತೆರಿಗೆ ಇದ್ದಾಗ ಕೊಂಡಿದ್ದರೆ, ಅದಷ್ಟನ್ನೂ ವಾಪಸು ಮಾಡಬೇಕೆಂದು ಹಿಡಿದರೂ, 14,400 ರೂ. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಬಗೆಯ ಡ್ರೋನುಗಳಿಗೂ ದರ ಶೇ. 5ಕ್ಕೆ ಇಳಿದಿರುವುದರಿಂದ, ಅನಂತರ ಕೊಂಡದ್ದಾದರೆ ಕೇವಲ 4,000. ಆದಾಯ ತೆರಿಗೆಯ ಕಡೆಯಿಂದ ನೋಡಿದರೆ ಯಂತ್ರೋಪಕರಣಗಳ ಸವಕಳಿಯನ್ನು ಬಿಡಿಬಿಡಿಯಾಗಿ ಅಲ್ಲದೆ ಒಂದೇ ಬ್ಲಾಕಿನ ಮೇಲೆ ಲೆಕ್ಕ ಹಾಕುವುದರಿಂದ, ವಿಮೆಯಿಂದಾಗಲಿ ಗುಜರಿಯಿಂದಾಗಲಿ ಹಣ ಬಾರದಿದ್ದರೆ ಬ್ಲಾಕಿನ ಮೌಲ್ಯ ಕುಗ್ಗುವುದಿಲ್ಲ. ಸವಕಳಿ ಮುಂದಿನ ವರ್ಷಗಳಲ್ಲೂ ದೊರೆಯುತ್ತಲೇ ಇರುತ್ತದೆ. ಅಂದರೆ ತೆರಿಗೆಯ ಭಯದಿಂದ ಬೆಟ್ಟ ಹತ್ತಬೇಕಾದ ಕಾರಣವಿಲ್ಲ.

ಎರಡನೆಯ ಕಾರಣ ತುಸು ಗಟ್ಟಿಯಾದದ್ದು. 2022ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ಮಾತ್ರ ವಿನಾಯಿತಿ ನೀಡಿ, ಬಿಡಿಭಾಗಗಳ ಆಮದಿಗೆ ಅವಕಾಶ ಉಳಿಸಿತು. ಆದ್ದರಿಂದ ಅದಕ್ಕೂ ಮೊದಲು ಕೊಂಡ ವಿದೇಶಿ ಯಂತ್ರ ಹೋದರೆ ಅಂಥದ್ದೇ ಇನ್ನೊಂದು ಸಿಗುವುದು ಕಷ್ಟವೆಂಬ ಮಾತಿದೆ. ಒಪ್ಪತಕ್ಕದ್ದೇ. ಆದರೆ ಅದು ಯಂತ್ರದ ಬೆಲೆಯನ್ನು ಹತ್ತಿಪ್ಪತ್ತು ಸಾವಿರ ಹೆಚ್ಚಿಸೀತು. ತೂಗಬೇಕಾದ ಎದುರು ತಟ್ಟೆಯಲ್ಲಿರುವುದು ಬೇರೆಯೇ ಅಂಕಿ.

ಆ ಅಂಕಿ ಏಳುವುದು ಚಹದ ಅಂಗಡಿಯಲ್ಲಿ. ಡ್ರೋನ್ ಸಿಲುಕಿದ ಸಂಜೆ ಬೆಟ್ಟದ ಬುಡದ ಊರಿನಲ್ಲಿ, 'ತಂದುಕೊಟ್ಟವರಿಗೆ ಐದು ಸಾವಿರ' ಎಂದು ಮಾಲೀಕ ಹೇಳುತ್ತಾನೆ. ಇಲ್ಲವೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುತ್ತಾನೆ. ಅವನ ದೃಷ್ಟಿಯಲ್ಲಿ ಇದು ಅಗ್ಗದ ವ್ಯವಹಾರ: ತಂದರೆ ಕೊಡುವುದು, ತಾರದಿದ್ದರೆ ಇಲ್ಲ. ವಾಸ್ತವದಲ್ಲಿ ಅವನು ಮಾಡಿರುವುದು ಹಗ್ಗವಿಲ್ಲದ ಹುಡುಗರ ನಡುವೆ ಕಡಿದಾದ ಬಂಡೆಯ ಮೇಲೆ ಒಂದು ಪಂದ್ಯ. ಮೊದಲು ಮುಟ್ಟಿದವನಿಗೆ ಮಾತ್ರ ಹಣವೆಂದ ಮೇಲೆ ಬೆಳಗಾಗುವವರೆಗೆ ಕಾಯುವವರಾರು?

ಬಹುಮಾನದ ಘೋಷಣೆ ಕಾನೂನಿನ ಕಣ್ಣಿನಲ್ಲಿ ಬಾಯಿಮಾತಲ್ಲ. ವಾಣಿಜ್ಯ ಪದವಿ ಓದಿದವರಿಗೆ 1913ರ ಲಾಲ್‌ಮನ್ ಶುಕ್ಲ ಮತ್ತು ಗೌರಿದತ್ತ ಮೊಕದ್ದಮೆ ನೆನಪಿರಬಹುದು. ಮಾಲೀಕನ ಓಡಿಹೋದ ಸೋದರಳಿಯನನ್ನು ಹುಡುಕಲು ಹರಿದ್ವಾರಕ್ಕೆ ಹೋದ ಮುನೀಮ, ಅವನನ್ನು ಪತ್ತೆ ಹಚ್ಚಿದ ನಂತರ, ಬಹುಮಾನ ಘೋಷಣೆಯಾಗಿದ್ದ ಸಂಗತಿ ತಿಳಿದು ಹಣ ಕೇಳಿದ. ಘೋಷಣೆ ತಿಳಿಯದೆ ಮಾಡಿದ ಕೆಲಸಕ್ಕೆ ಒಪ್ಪಂದವಿಲ್ಲವೆಂದು ಅಲಹಾಬಾದ್ ಉಚ್ಚ ನ್ಯಾಯಾಲಯ ತಿರಸ್ಕರಿಸಿತು. ಪಾಪ, ಹುಡುಕಿ ತಂದವನು ಗುಮಾಸ್ತ, ಸೋತವನೂ ಗುಮಾಸ್ತ! ಆ ತೀರ್ಪಿನ ಇನ್ನೊಂದು ಮುಖ ಇಲ್ಲಿ ಮುಖ್ಯ: ಘೋಷಣೆ ತಿಳಿದು ಹೊರಟವನೊಡನೆ ಒಪ್ಪಂದವುಂಟು. 'ಹತ್ತು ಎಂದು ಯಾರಿಗೂ ಹೇಳಲಿಲ್ಲ' ಎಂಬ ವಾದಕ್ಕೆ ಆಗ ಬಲವಿರದು.

ಬಹುಮಾನದ ಬದಲು ಅಂಗಡಿಯ ಆಳನ್ನೇ ಕಳುಹಿಸಿದರೆ ಹೊಣೆ ಇನ್ನೂ ನೇರ. ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ ಆದ ಅಪಘಾತಕ್ಕೆ ಮಾಲೀಕನ ತಪ್ಪನ್ನು ಸಾಬೀತುಪಡಿಸದೆಯೇ ಪರಿಹಾರ ಸಲ್ಲಬೇಕೆಂಬ ತತ್ತ್ವ 1923ರ ಕಾಯ್ದೆಯಿಂದ ಬಂದದ್ದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಹಳೆಯ ಕಾಯ್ದೆಯ ಕೋಷ್ಟಕದಂತೆ, ತಿಂಗಳಿಗೆ 15,000 ರೂ. ವೇತನದ 25 ವರ್ಷದವನ ಮರಣಕ್ಕೆ ವೇತನದ ಅರ್ಧವನ್ನು 216.91ರಿಂದ ಗುಣಿಸಬೇಕು: 16,26,825 ರೂ. ಹತ್ತು ಸಾವಿರದ ಬಿಡಿಭಾಗಗಳಿಗಾಗಿ ತೆರೆದಿಟ್ಟ ಖಾತೆ ಇದು. ನಿರ್ಲಕ್ಷ್ಯದಿಂದ ಮರಣಕ್ಕೆ ಕಾರಣನಾದವನಿಗೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಐದು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ ಎಂಬುದು ಪ್ರತ್ಯೇಕ ಸಂಗತಿ. ಮಗನನ್ನು ಕಳೆದುಕೊಂಡ ಮನೆಯ ನಷ್ಟಕ್ಕಂತೂ ಯಾವ ಕೋಷ್ಟಕವೂ ಇಲ್ಲ.

ಇದು ಹೆದರಿಸುವ ಮಾತಲ್ಲ. ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದ ಬಳಿ 2022ರ ಫೆಬ್ರುವರಿ 20ರಂದು ಯುವ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿ ಬಂಡೆಯ ನಡುವೆ ಸಿಲುಕಿದ. ಜಿಲ್ಲಾಡಳಿತ ಯಲಹಂಕದ ವಾಯುಪಡೆ ನೆಲೆಯ ನೆರವು ಕೋರಿ, ಹೆಲಿಕಾಪ್ಟರ್ ಬಂದು ಮೇಲೆತ್ತಬೇಕಾಯಿತು. ಅದೇ ತಿಂಗಳು ಕೇರಳದ ಮಲಂಪುಳದಲ್ಲಿ ಬೆಟ್ಟದ ಸೀಳಿನಲ್ಲಿ 40 ಗಂಟೆಗೂ ಹೆಚ್ಚು ಕಾಲ ಸಿಲುಕಿದ್ದ ಯುವಕನನ್ನು ಸೇನೆಯ ತಂಡ ರಕ್ಷಿಸಿತು. ಅವರು ಯಾವ ಯಂತ್ರವನ್ನೂ ತರಲು ಹೋದವರಲ್ಲ. ಆದರೆ ಕಲ್ಲು ಕಾರಣವನ್ನು ಕೇಳುವುದಿಲ್ಲ. ಇಬ್ಬರೂ ಬದುಕಿದರು, ಅದಕ್ಕೆ ಹೆಲಿಕಾಪ್ಟರು, ಸೇನೆ ಬೇಕಾದವು. ಜೊತೆಗೆ ಇಂತಹ ಬಂಡೆಗಳ ಚಾಚಿನಡಿ ಹೆಜ್ಜೇನು ಕಟ್ಟುವುದು ಸಾಮಾನ್ಯ. ಡ್ರೋನಿನ ಸದ್ದಿಗೇ ಕೆರಳಿದ ಹುಳು ಹಗ್ಗಕ್ಕೆ ಜೋತುಬಿದ್ದವನನ್ನು ಬಿಡುವುದಿಲ್ಲ, ಅವನಿಗೆ ಓಡಲು ದಾರಿಯೂ ಇರುವುದಿಲ್ಲ.

ಹಾಗೆಂದು ಎಲ್ಲವನ್ನೂ ಬಿಟ್ಟುಬಿಡಬೇಕೆಂದಲ್ಲ. ಬಂಡೆಯ ಅಂಚಿನಿಂದ ಉದ್ದನೆಯ ಗಳುವಿಗೆ ಎಟುಕುವುದಾದರೆ, ಸುರಕ್ಷಿತವಾಗಿ ನಿಂತವನು ಎಳೆದುಕೊಳ್ಳಲಿ. ಇನ್ನೊಂದು ಡ್ರೋನಿಗೆ ದಾರ ಮತ್ತು ಕೊಕ್ಕೆ ಕಟ್ಟಿ ಎತ್ತುವ ಉಪಾಯವೂ ಉಂಟು. ಹೋದರೆ ಎರಡನೆಯದೂ ಹೋಗುತ್ತದೆ, ಆದರೆ ಜೀವ ಹೋಗುವುದಿಲ್ಲ. ಹಗ್ಗ ಬೇಕೇಬೇಕೆಂದಾದರೆ ಶಿಲಾರೋಹಣದಲ್ಲಿ ತರಬೇತಾದವರೇ ಆಗಬೇಕು, ಮೇಲಿನಿಂದಲೇ ಇಳಿಯಬೇಕು, ಕೂಲಿಯ ಜೊತೆಗೆ ಅವರ ಅಪಘಾತ ವಿಮೆಯೂ ವೆಚ್ಚದ ಪಟ್ಟಿಯಲ್ಲಿರಬೇಕು. ಆ ಜಾಗ ಮೀಸಲು ಅರಣ್ಯಕ್ಕೆ ಸೇರಿದ್ದರೆ ಇಲಾಖೆಯ ಅನುಮತಿ ಮೊದಲು.

ಲೆಕ್ಕವನ್ನು ನಿಜವಾಗಿ ತಿರುಗಿಸಬಲ್ಲ ವಸ್ತುಗಳು ಎರಡು. ಮೊದಲನೆಯದು ಬ್ಯಾಟರಿ. ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ಉಬ್ಬಿ ಹೊತ್ತಿಕೊಳ್ಳಬಹುದು. ಬೇಸಿಗೆಯಲ್ಲಿ ಒಣಹುಲ್ಲಿನ ನಡುವೆ ಬಿದ್ದಿದ್ದರೆ ಸುಮ್ಮನೆ ಬಿಟ್ಟುಬರುವುದು ಹೊಣೆಗೇಡಿತನ. ಅರಣ್ಯ ಸಿಬ್ಬಂದಿಗೂ ಪಂಚಾಯತಿಗೂ ಅಂದೇ ತಿಳಿಸಬೇಕು. ಎರಡನೆಯದು ಮೆಮೊರಿ ಕಾರ್ಡು. ಸಾವಿರ ರೂಪಾಯಿಯ ಆ ಚೂರಿನಲ್ಲಿ ಗ್ರಾಹಕನ ಮದುವೆಯೋ ಇಡೀ ದಿನದ ಸರ್ವೆಯೋ ಅಡಗಿದ್ದರೆ, ಮಾಲೀಕ ಬೆಟ್ಟದತ್ತ ನೋಡುತ್ತಿರುವುದು ಯಂತ್ರಕ್ಕಾಗಿ ಅಲ್ಲ. ಇದಕ್ಕೆ ಪರಿಹಾರ ಬೆಟ್ಟದ ಮೇಲಿಲ್ಲ: ಪ್ರತಿ ಬ್ಯಾಟರಿ ಬದಲಿಸುವಾಗ ಕಾರ್ಡನ್ನೂ ಬದಲಿಸುವುದು. ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹದಲ್ಲಿ 72 ಬಾರಿ ಹಾರಿಸಿದ, 1.8 ಕಿಲೋ ತೂಕದ ಇಂಜೆನ್ಯುಯಿಟಿ ಹೆಲಿಕಾಪ್ಟರ್ 2024ರ ಜನವರಿಯಲ್ಲಿ ರೆಕ್ಕೆ ಮುರಿದುಕೊಂಡಾಗ ಅದನ್ನು ಅಲ್ಲಿಯೇ ಬಿಡಲಾಯಿತು. ಅದು ತೆಗೆದ ಚಿತ್ರಗಳು ಆಗಲೇ ಭೂಮಿಗೆ ತಲುಪಿದ್ದವು.

ಬಿಟ್ಟ ಡ್ರೋನನ್ನು ತಿಂಗಳುಗಳ ನಂತರ ಕುರಿ ಕಾಯುವವನೊಬ್ಬ ಕೆಳಗೆ ಬಿದ್ದದ್ದನ್ನು ಕಂಡು ತಂದನೆನ್ನಲಿ. ವಸ್ತು ಇನ್ನೂ ಮಾಲೀಕನದೇ. ಆದರೆ 1872ರ ಒಪ್ಪಂದ ಕಾಯ್ದೆಯ 168ನೆಯ ಕಲಮಿನಂತೆ, ಕಾಪಾಡಿ ತಂದ ಶ್ರಮಕ್ಕೂ ಖರ್ಚಿಗೂ ಹಣ ಕೊಡುವವರೆಗೆ ಅದನ್ನು ತನ್ನಲ್ಲಿರಿಸಿಕೊಳ್ಳುವ ಹಕ್ಕು ಅವನಿಗುಂಟು. ಅವನನ್ನು ಕಳ್ಳನೆಂದು ಠಾಣೆಗೆ ಎಳೆಯುವ ಮಾಲೀಕರು ಈ ಕಲಮನ್ನು ಓದುವುದೊಳ್ಳೆಯದು.

ಇನ್ನು ಕಾಗದಪತ್ರ. 250 ಗ್ರಾಂ ಮೀರಿದ ಡ್ರೋನಿಗೆ ಮೂರನೆಯ ವ್ಯಕ್ತಿಯ ವಿಮೆ 2021ರ ಡ್ರೋನ್ ನಿಯಮಗಳಂತೆ ಕಡ್ಡಾಯ. ಯಂತ್ರದ ಸ್ವಂತ ನಷ್ಟಕ್ಕೆ ಬೇರೆಯೇ ವಿಮೆ ಬೇಕು. ಅದಿದ್ದರೆ ಸಿಲುಕಿದ ಸ್ಥಾನದ ದಾಖಲೆ, ಕೆಳಗಿನಿಂದ ತೆಗೆದ ಚಿತ್ರ, ಆರೋಹಿಗಳಿಂದ ಪಡೆದ ದರಪಟ್ಟಿ, ಇವನ್ನು ವಿಮಾ ಕಂಪನಿಗೆ ತಡವಿಲ್ಲದೆ ಕಳುಹಿಸಬೇಕು. ಅದೇ ಕಡತ ತೆರಿಗೆ ಅಧಿಕಾರಿಯ ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಪಾಲುದಾರಿಕೆ ಸಂಸ್ಥೆಯಾದರೆ, ಮರಳಿ ತರುವುದಿಲ್ಲವೆಂಬ ತೀರ್ಮಾನವನ್ನು ದಿನಾಂಕದೊಡನೆ ಬರೆದು ಎಲ್ಲರೂ ಸಹಿ ಹಾಕಬೇಕು. ಬಳಿಕ ಆ ಯಂತ್ರದ ನೋಂದಣಿ ಸಂಖ್ಯೆಯ ರದ್ದತಿಗೆ ಅರ್ಜಿ ಸಲ್ಲಿಸಬೇಕು. ಇಲ್ಲವಾದರೆ ಮುಂದೆ ಅದು ಯಾರ ಕೈ ಸೇರಿ ಎಲ್ಲಿ ಹಾರಿದರೂ, ಪೊಲೀಸರು ಮೊದಲು ಬರುವುದು ದಾಖಲೆಯಲ್ಲಿ ಹೆಸರಿರುವವನ ಅಂಗಡಿಗೆ.