ಒಣಗಿದ ನಲ್ಲಿಯ ಮುಂದೆ ಉಪದೇಶ

ಶುಚಿತ್ವವು ವ್ಯಕ್ತಿಯ ಸದ್ಗುಣವೆಂದೂ, ರೋಗ ಹರಡಿದರೆ ಅದು ಅವನ ಅಜ್ಞಾನದ ಫಲವೆಂದೂ ಎಣಿಸುವ ಅಭ್ಯಾಸ ನಮ್ಮ ವಿದ್ಯಾವಂತರಲ್ಲಿ ಬಲವಾಗಿದೆ. ಈ ಎಣಿಕೆ ಎಷ್ಟು ಅಪೂರ್ಣವೆಂಬುದಕ್ಕೆ ವಿಯೆನ್ನಾದ ಹೆರಿಗೆ ಆಸ್ಪತ್ರೆಯ ವೃತ್ತಾಂತವೇ ಸಾಕ್ಷಿ. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿಯೇ ಬಾಣಂತಿಯರು ಸೂತಿಕಾಜ್ವರದಿಂದ ಬಹಳ ಹೆಚ್ಚಾಗಿ ಸಾಯುತ್ತಿದ್ದುದನ್ನು ಕಂಡ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಚ್ಛೇದನ ಮಾಡಿದ ಕೈಗಳೇ ಹೆರಿಗೆಯ ಕೋಣೆಗೂ ಬರುತ್ತಿರುವುದು ಇದಕ್ಕೆ ಕಾರಣವೆಂದು ನಿಶ್ಚಯಿಸಿ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈತೊಳೆಯದೆ ಯಾರೂ ಬಾಣಂತಿಯನ್ನು ಮುಟ್ಟಕೂಡದೆಂದು 1847ರಲ್ಲಿ ಕಟ್ಟಳೆ ಮಾಡಿದನು. ಆ ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಕೆಲವೇ ತಿಂಗಳಲ್ಲಿ ಸುಮಾರು 2ಕ್ಕೆ ಇಳಿಯಿತು. ಅಲ್ಲಿದ್ದವರು ಯಾರೂ ಅವಿದ್ಯಾವಂತರಲ್ಲ. ಅವರ ವಿದ್ಯೆ ಮಾಡಲಾರದ್ದನ್ನು ಒಂದು ಕಟ್ಟಳೆ ಮಾಡಿತು.

ನಮ್ಮಲ್ಲಿಯೂ ಕಟ್ಟಳೆಗೆ ಕೊರತೆಯಿರಲಿಲ್ಲ. ಸ್ತ್ರೀಪುರುಷರಿಗೆ ಪ್ರತ್ಯೇಕವಾದ, ಸುಲಭವಾಗಿ ತಲುಪಬಹುದಾದ ಕೈತೊಳೆಯುವ ಏರ್ಪಾಡನ್ನು ಒದಗಿಸಿ ಶುಚಿಯಾಗಿಡಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. ಆದರೂ ಎಷ್ಟೋ ಕಚೇರಿಗಳ, ಹೋಟೆಲುಗಳ ಹಿತ್ತಲಕಡೆಗೆ ಹೋದರೆ ಕಾಣುವುದು ಗೋಡೆಯ ಮೇಲೊಂದು ಉಪದೇಶದ ಫಲಕ, ಅದರ ಕೆಳಗೆ ಒಣಗಿದ ನಲ್ಲಿ, ಎಲ್ಲರ ಕೈಯನ್ನೂ ಒರೆಸಿದ ಒಂದೇ ಒದ್ದೆ ಟವಲು. ಬಾಗಿಲಲ್ಲಿ ಸ್ಯಾನಿಟೈಸರಿನ ಸೀಸೆಯಿಟ್ಟರೆ ಸಾಲದು. ಕೊರೋನಾ ವೈರಾಣುವನ್ನು ಸುತ್ತಿರುವ ಕೊಬ್ಬಿನ ಪೊರೆಯನ್ನು ಅದು ಒಡೆಯಬಲ್ಲುದಾದರೂ, ಅಂತಹ ಪೊರೆಯೇ ಇಲ್ಲದ, ವಾಂತಿಭೇದಿಯನ್ನುಂಟುಮಾಡುವ ನೊರೊವೈರಸ್ಸಿನ ಮುಂದೆ ದುರ್ಬಲವಾದುದು. ಅದನ್ನು ಕೊಚ್ಚಿಕೊಂಡು ಹೋಗಲು ಸಾಬೂನೂ ಹರಿಯುವ ನೀರೂ ಬೇಕು.

ಇದಕ್ಕಿಂತಲೂ ಗುರುತರವಾದುದು ರಜೆಯ ಪ್ರಶ್ನೆ. ಜ್ವರ ಬಂದವರು ಮನೆಯಲ್ಲಿ ಉಳಿಯುವುದೇ ಸಹೋದ್ಯೋಗಿಗಳಿಗೆ ಅವರು ಮಾಡಬಹುದಾದ ಪರಮೋಪಕಾರ; ಆದರೆ ಉಳಿದರೆ ಒಲೆ ಹೊತ್ತುವುದು ಹೇಗೆ? ಇಎಸ್‌ಐ ವಿಮೆಯುಳ್ಳ ಕಾರ್ಮಿಕನಿಗೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇಕಡ 70ರಷ್ಟು ದೊರೆಯುವ ಅವಕಾಶವಿದೆ. ನಮ್ಮ ಪಾತ್ರೆಗಳನ್ನು ತೊಳೆದು, ತರಕಾರಿ ಹೆಚ್ಚಿ, ಮಗುವನ್ನು ಎತ್ತಿಕೊಳ್ಳುವ ಮನೆಗೆಲಸದಾಕೆಗೆ ಸಾಮಾನ್ಯವಾಗಿ ಆ ಆಸರೆಯಿಲ್ಲ. ಬಾರದ ದಿನದ ಸಂಬಳ ಹಿಡಿಯುವರೆಂಬ ಭಯದಿಂದ ಆಕೆ ಕೆಮ್ಮನ್ನು ಸೆರಗಿನಲ್ಲಿ ಅಡಗಿಸಿಕೊಂಡು ಅಡುಗೆಮನೆಗೆ ಬರುತ್ತಾಳೆ. ಆ ಭಯವನ್ನು ಹುಟ್ಟಿಸಿದವರು ನಾವೇ. ಜ್ವರದ ದಿನಗಳ ಸಂಬಳವನ್ನು ಕಡಿಯುವುದಿಲ್ಲವೆಂದು ಪ್ರತಿಯೊಬ್ಬ ಗೃಹಸ್ಥನೂ ಈ ತಿಂಗಳೇ ಆಕೆಗೆ ಬಾಯಿಬಿಟ್ಟು ಹೇಳಬೇಕು. ಅದಕ್ಕಾಗಿ ಸರ್ಕಾರದ ಆಜ್ಞೆಯನ್ನು ಕಾಯಬೇಕಾದ ಅಗತ್ಯವಿಲ್ಲ.