ಕೆಮಿಸ್ಟ್ರಿಗೆ ಮಾರ್ಕ್ಸ್ ಬಂತು, ಕೈಗೆ ಕೆಲಸ ಬಂತೇ?

ಬಿ.ಎಸ್‌ಸಿ. ಪ್ರಾಕ್ಟಿಕಲ್ ಪರೀಕ್ಷೆ ಹೇಗೆ ನಡೆಯುತ್ತದೆಂದು ಕೆಮಿಸ್ಟ್ರಿ ಓದಿದ ಹುಡುಗರನ್ನೇ ಕೇಳಿ ನೋಡಿ. ಟೈಟ್ರೇಷನ್‌ಗೆ ಎಷ್ಟು ಮಿ.ಲೀ. ಬರಬೇಕೆಂಬ ಸುದ್ದಿ ಅನೇಕ ಕಡೆ ಬ್ಯುರೆಟ್ ತುಂಬುವ ಮೊದಲೇ ಮೇಜಿನಿಂದ ಮೇಜಿಗೆ ದಾಟಿರುತ್ತದೆ. ಉತ್ತರ ಮೊದಲು, ಪ್ರಯೋಗ ಆಮೇಲೆ! ರೆಕಾರ್ಡ್ ಪುಸ್ತಕಕ್ಕೆ ಸಹಿ ಬಿದ್ದರೆ ವಿದ್ಯಾರ್ಥಿ ಪಾಸು.

ಹುಡುಗರ ಕಳ್ಳತನ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಎಲ್ಲರಿಗೂ ಒಂದೇ ದ್ರಾವಣ ಕೊಟ್ಟು, ಕೊನೆಯ ಅಂಕಿಗಷ್ಟೇ ಮಾರ್ಕ್ಸ್ ಹಾಕಿದರೆ ಕಳ್ಳನನ್ನು ಮನೆಗೆ ಕರೆದು ಮಣೆ ಹಾಕಿದಂತಲ್ಲವೇ?

ಸರ್ಕಾರದ ಗಮನ ಮಾತ್ರ ಬೇರೆ ಕಡೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ಥಿಯರಿಯ 100 ಅಂಕದಲ್ಲಿ 60 ಪರೀಕ್ಷೆಗೆ, 40 ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ ಎಂದರು. 2024ರಲ್ಲಿ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಹಿಡಿದು, ನಾಲ್ಕು ವರ್ಷದ ಪದ್ಧತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದರು. ವರ್ಷ ಎಷ್ಟು, ಅಂಕ ಎಷ್ಟು ಎಂಬ ಲೆಕ್ಕವೇ ಆಯಿತು. ಕಲಿತದ್ದನ್ನು ಅಳೆಯುವುದು ಹೇಗೆ ಎಂಬ ಮಾತು ಮೂಲೆ ಸೇರಿತು.

ಅಳೆಯುವುದು ಬ್ರಹ್ಮವಿದ್ಯೆಯೇನಲ್ಲ. ಆಕ್ಸಾಲಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಷನ್ನನ್ನೇ ತೆಗೆದುಕೊಳ್ಳಿ. ಆಮ್ಲವನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡುತ್ತಾರೆ. ಪರ್ಮಾಂಗನೇಟಿನ ಮೊದಲ ಹನಿಯ ಬಣ್ಣ ನಿಧಾನವಾಗಿ ಹೋಗುತ್ತದೆ. ಮುಂದಿನ ಹನಿಗಳು ಬಿದ್ದಕೂಡಲೇ ಮಾಯ. ಯಾಕೆ? ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಕ್ರಿಯೆಗೆ ವೇಗ ಕೊಡುತ್ತದೆ. ಸಲ್ಫ್ಯೂರಿಕ್ ಆಮ್ಲದ ಬದಲು ಹೈಡ್ರೋಕ್ಲೋರಿಕ್ ಹಾಕಿದರೆ? ಕ್ಲೋರೈಡೂ ಪರ್ಮಾಂಗನೇಟಿಗೆ ಪಾಲು ಕೇಳಿ ಲೆಕ್ಕ ಕೆಡುತ್ತದೆ. ಬ್ಯುರೆಟ್‌ನಲ್ಲಿ ದ್ರಾವಣದ ಮೇಲಂಚನ್ನೇ ಓದುವುದೇಕೆ? ಕಡು ನೇರಳೆಯಲ್ಲಿ ಕೆಳಗಿನ ಅಂಚು ಕಾಣದು. ಕೈಯಾರೆ, ಮನಸ್ಸಿಟ್ಟು ಮಾಡಿದವರು ಇದನ್ನೆಲ್ಲ ಹೇಳಬಲ್ಲರು. ಅಂಕಿ ಕದ್ದವರು ಬಾಯಿ ಬಿಡಲಾರರು.

ಆದ್ದರಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಸಾಂದ್ರತೆಯ ದ್ರಾವಣ ಕೊಡಿ; ಬಾಟಲಿಗೆ ನಂಬರ್ ಹಾಕಿದರಾಯಿತು. ಮಾರ್ಕ್ಸನ್ನು ಮೂರು ಪಾಲು ಮಾಡಿ: ಉತ್ತರಕ್ಕೊಂದು, ಕೈಕೆಲಸಕ್ಕೊಂದು, 'ಯಾಕೆ' ಎಂಬುದಕ್ಕೊಂದು. ಪರೀಕ್ಷೆಯ ದಿನವಷ್ಟೇ ಅಲ್ಲ, ಸೆಮಿಸ್ಟರ್ ಪೂರ್ತಿ ನೋಡಿ.

ತೊಡಕು ಇರುವುದು ಇಲ್ಲೇ. ನೋಡಲು ಮೇಷ್ಟ್ರು ಬೇಕು. ಸರ್ಕಾರಿ ಪದವಿ ಕಾಲೇಜುಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಮುಂದಿನ ವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದವರು ಯಾವ ಧೈರ್ಯದಿಂದ ಆಂತರಿಕ ಅಂಕ ಕಡಿಮೆ ಹಾಕಿಯಾರು? ಎಲ್ಲರಿಗೂ ತುಂಬಾ ಅಂಕ ಹಾಕಿದರೆ ಯಾರಿಗೂ ತಂಟೆಯಿಲ್ಲ.

ತಂಟೆ ಶುರುವಾಗುವುದು ಆಮೇಲೆ. ನಂಜನಗೂಡಿನ ಔಷಧ ಕಾರ್ಖಾನೆಗಳಂಥ ಕಡೆ ನಮ್ಮ ಪದವೀಧರರು ಕೆಲಸ ಕೇಳುವುದು ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿ. ಅಲ್ಲಿ ಪಕ್ಕದ ಮೇಜಿನವರು ಉತ್ತರ ಹೇಳಿಕೊಡುವುದಿಲ್ಲ. ತಪ್ಪು ರೀಡಿಂಗ್ ಬರೆದರೆ ಹಾಳಾಗುವುದು ರೆಕಾರ್ಡ್ ಪುಸ್ತಕವಲ್ಲ, ಯಾರೋ ರೋಗಿ ನುಂಗುವ ಮಾತ್ರೆ.

ಸಿಲಬಸ್ಸನ್ನು ಮತ್ತೊಮ್ಮೆ ಬದಲಾಯಿಸುವ ಮುನ್ನ ವಿಶ್ವವಿದ್ಯಾನಿಲಯದ ದೊಡ್ಡವರು ಒಂದು ಪ್ರಯೋಗಶಾಲೆಗೆ ಹೋಗಿ ಅರ್ಧ ಗಂಟೆ ನಿಲ್ಲಲಿ. ಬ್ಯುರೆಟ್ ಯಾರ ಕೈಯಲ್ಲಿದೆ, ಉತ್ತರ ಯಾರ ಬಾಯಲ್ಲಿದೆ, ಕಣ್ಣಾರೆ ಕಾಣುತ್ತದೆ.