ಇಡೀ ಹೊಲಕ್ಕೆ ತೇಗ ಬೇಡ

‘ಊರಲ್ಲಿ ನೋಡುವವರಾರು? ಹೊಲಕ್ಕೆಲ್ಲ ತೇಗ ನೆಟ್ಟುಬಿಡೋಣ’ ಎನ್ನುವ ಮುಂಬಯಿ ಕನ್ನಡಿಗರ ಮಾತನ್ನು ನಾವು ಒಪ್ಪೆವು. 1980ರ ದಶಕದಲ್ಲಿ ಕೋಲಾರದ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಕಳೆ ಕೀಳುವ ಹೆಂಗಸರ ಕೂಲಿಗೆ ಕಲ್ಲು ಬಿತ್ತು. 2017ರಲ್ಲಿ ಕರ್ನಾಟಕ ಸರಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಮರವೇ ಬೇಡವೆಂದಲ್ಲ. 10 ಮೀಟರಿಗೊಂದು ಸಾಲು, ಪೂರ್ವ-ಪಶ್ಚಿಮವಾಗಿ, ತೇಗವನ್ನೋ ಹೆಬ್ಬೇವನ್ನೋ ನೆಡಿ. ನಡುವೆ ರಾಗಿ, ತೊಗರಿ, ಹುರುಳಿ ಬೆಳೆಯಲಿ. ಕೊಂಬೆ ಸವರಬೇಕು, ಸಾಲಿನ ಪಕ್ಕ ಆಳವಾಗಿ ಉತ್ತು ಬೇರು ಕಡಿಯಬೇಕು. ಮರದ ಮಗ್ಗುಲ ಪೈರು ಸೊರಗುವುದು ನಿಜ, ಮಿಕ್ಕ ಹೊಲ ಅನ್ನ ಕೊಡುತ್ತದೆ. ತೇಗ ಕೈಗೆ ಬರಲು 20 ವರ್ಷವಾದರೂ ಬೇಕು. ಅಲ್ಲಿಯವರೆಗೆ ಊರಲ್ಲುಳಿದ ದೊಡ್ಡಪ್ಪನ ಮಕ್ಕಳು ತರಗೆಲೆ ತಿನ್ನಬೇಕೆ? ಬೇಸಿಗೆ ರಜೆಗೆ ಹೋದಾಗ, ಸಸಿ ಕೊಳ್ಳುವ ಮುಂಚೆ, ಅವರನ್ನು ಕೂರಿಸಿಕೊಂಡು ಮಾತಾಡಿ.